ಗಾಡಿ ನಿಲ್ಲಿಸಬೇಕೋ, ಓಡಿಸಬೇಕೋ: ಆಂಬುಲೆನ್ಸ್‌ನಲ್ಲಿ ಹೆರಿಗೆಯ ತುರ್ತು

108ಕ್ಕೆ ಬರುವ ಬಸುರಿಯರ ಕರೆಗಳಲ್ಲಿ ಹೆಚ್ಚಿನವು ಬರೀ ಪ್ರಯಾಣದಲ್ಲೇ ಮುಗಿಯುತ್ತವೆ. ಬೇನೆ ಶುರುವಾಗಿರುತ್ತದೆ, ಮನೆಯವರು ಬ್ಯಾಗು ಕಟ್ಟಿಟ್ಟುಕೊಂಡು ಕಾದಿರುತ್ತಾರೆ, ತಾಯಿ ಕಾರ್ಡು ಅತ್ತೆಯ ಕೈಯಲ್ಲಿರುತ್ತದೆ. ಆಶಾ ಕಾರ್ಯಕರ್ತೆಯೂ ಹತ್ತಿಕೊಳ್ಳುತ್ತಾರೆ, ಗಾಡಿ ಆಸ್ಪತ್ರೆ ಮುಟ್ಟುತ್ತದೆ. ತೊಂದರೆ ಇರುವುದು ಆಸ್ಪತ್ರೆ ದೂರವಿರುವ ಕಡೆ. ಮಲೆ ಮಹದೇಶ್ವರ ಬೆಟ್ಟದ ಪೋಡುಗಳು, ಜೋಯಿಡಾದ ಕಾಡಿನೊಳಗಿನ ಊರುಗಳು, ಘಟ್ಟದಂಚಿನ ಮನೆಗಳು; ಇಲ್ಲೆಲ್ಲ ಮಗು ಆಸ್ಪತ್ರೆ ಬರುವತನಕ ಕಾಯುತ್ತದೆ ಎಂಬ ಭರವಸೆ ಇಲ್ಲ.

ಕರ್ನಾಟಕದಲ್ಲಿ 108ರ ಆರೋಗ್ಯ ಕವಚ ಶುರುವಾದದ್ದು 2008ರ ನವೆಂಬರ್ 1ರಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮನವರಂಥವರು ಒಂದು ತಲೆಮಾರಿನ ಕೊನೆಯವರು. ಮನೆಯ ಹೆರಿಗೆ ಹೋಯಿತು, ಸೂಲಗಿತ್ತಿಯೂ ಹೋದಳು. ಹಾಗಾಗಿ ಮನೆಗೂ ಆಸ್ಪತ್ರೆಗೂ ನಡುವಿನ ದಾರಿಯಲ್ಲಿ ಬೇನೆ ಜೋರಾದರೆ ಹೆರಿಗೆ ಬಲ್ಲ ಕೈ ಅಂತ ಇರುವುದು ಗಾಡಿಯ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ) ಒಬ್ಬರದ್ದೇ. ಜೊತೆಗೆ ಪೈಲಟ್, ಅಂದರೆ ಗಾಡಿಯ ಚಾಲಕ. ಈ ಬರಹ ಮುಖ್ಯವಾಗಿ ಅವರಿಬ್ಬರಿಗೆ. ಜೊತೆಗೆ ಹತ್ತುವ ಆಶಾ ಕಾರ್ಯಕರ್ತೆಯರಿಗೂ ಮನೆಯವರಿಗೂ ಗೊತ್ತಿದ್ದರೆ ಒಳ್ಳೆಯದು. ಔಷಧದ ವಿಷಯದಲ್ಲಿ ನಿಮ್ಮ ಸೇವೆಯ ನಿಯಮವೂ ಕರೆ ಕೇಂದ್ರದ ವೈದ್ಯರ ಮಾತೂ ಅಂತಿಮ.

ಮೊದಲ ಐದು ನಿಮಿಷ

ಎಷ್ಟನೇ ಹೆರಿಗೆ? ತಿಂಗಳು ತುಂಬಿದೆಯೇ? ಬೇನೆ ಎಷ್ಟು ನಿಮಿಷಕ್ಕೊಮ್ಮೆ? ನೀರು ಒಡೆದಿದೆಯೇ, ಬಣ್ಣ ಏನು? ರಕ್ತ ಹೋಗಿದೆಯೇ? ಅವಳಿಯೇ? ಹಿಂದೆ ಸಿಸೇರಿಯನ್ ಆಗಿತ್ತೇ? ಇಷ್ಟು ಕೇಳುತ್ತಲೇ ತಾಯಿ ಕಾರ್ಡು ತಿರುವಿ ಹಾಕಿ. ಹಿಮೋಗ್ಲೋಬಿನ್, ಬಿಪಿ, ರಕ್ತದ ಗುಂಪು, ಕೊನೆಯ ಸ್ಕ್ಯಾನ್ ಎಲ್ಲ ಅದರಲ್ಲಿರುತ್ತದೆ. ನೀರು ಹಸಿರಾಗಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ. ಹುಟ್ಟಿದ ಕೂಡಲೇ ಉಸಿರಿಗೆ ನೆರವು ಬೇಕಾಗಬಹುದೆಂದು ಬ್ಯಾಗ್-ಮಾಸ್ಕ್ ಹತ್ತಿರ ಇಟ್ಟುಕೊಳ್ಳಿ.

ಇನ್ನು ತೀರ್ಮಾನ. ಬೇನೆ ಎರಡು-ಮೂರು ನಿಮಿಷಕ್ಕೊಮ್ಮೆ ಬರುತ್ತಿದೆ, ಆಕೆ ತಡೆಯಲಾರದೆ ಮುಕ್ಕುತ್ತಿದ್ದಾಳೆ, ಬೇನೆ ಬಂದಾಗ ಯೋನಿಯ ಕೆಳಭಾಗ ಉಬ್ಬುತ್ತಿದೆ ಅಥವಾ ಮಗುವಿನ ನೆತ್ತಿ ಕಾಣುತ್ತಿದೆ ಎಂದಾದರೆ ಗಾಡಿ ಹೊರಡಿಸಬೇಡಿ. ಹೊರಟಾಗಿದ್ದರೆ ರಸ್ತೆ ಪಕ್ಕ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ. "ಸಂಡಾಸಿಗೆ ಹೋಗಬೇಕು" ಎಂದು ಆಕೆ ಎದ್ದು ಕೂತರೆ ಕಳಿಸಬೇಡಿ, ಅದು ಮಗುವಿನ ತಲೆ ಗುದದ ಮೇಲೆ ಒತ್ತುತ್ತಿರುವ ಲಕ್ಷಣ. ಚೊಚ್ಚಲಿಗೆ ಸಾಮಾನ್ಯವಾಗಿ ಇನ್ನೂ ಹೊತ್ತು ಸಿಗುತ್ತದೆ. ಎರಡನೆಯದೋ ಮೂರನೆಯದೋ ಆಗಿದ್ದು, ಆಕೆ "ಬಂತು" ಅಂದರೆ ಬಂತೆಂದೇ ತಿಳಿಯಿರಿ. ಆಕೆಯ ಮೈ ಆಕೆಗೆ ಗೊತ್ತಿರುತ್ತದೆ. ನಿಲ್ಲಿಸುವುದಕ್ಕೆ ಅಂಜುವ ಪೈಲಟ್‌ಗಳಿದ್ದಾರೆ: "ಇನ್ನು ಹತ್ತೇ ನಿಮಿಷ ಸಾರ್, ಮುಟ್ಟಿಸಿಬಿಡ್ತೀನಿ." ಆ ಹತ್ತು ನಿಮಿಷದ ತಿರುವುಗಳಲ್ಲಿ ಇಎಂಟಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಹೆರಿಗೆ ಮಾಡಿಸಬೇಕಾಗುತ್ತದೆ.

ನಿಲ್ಲಬಾರದ, ಸೀದಾ ಓಡಬೇಕಾದ ಕೇಸುಗಳೂ ಇವೆ. ಹೆರಿಗೆಗೆ ಮುಂಚೆಯೇ ರಕ್ತ ಸುರಿಯುವುದು, ಹೊಕ್ಕುಳ ಬಳ್ಳಿ ಅಥವಾ ಮಗುವಿನ ಕೈ ಮೊದಲು ಹೊರಬರುವುದು, ಫಿಟ್ಸ್, ಹಿಂದೆ ಸಿಸೇರಿಯನ್ ಆದವಳಿಗೆ ಬೇನೆ ಒಮ್ಮೆಲೇ ನಿಂತು ಹೊಟ್ಟೆಯ ನೋವು ಮಾತ್ರ ಉಳಿಯುವುದು; ಇವುಗಳಿಗೆ ಗಾಡಿಯಲ್ಲಿ ಪರಿಹಾರವಿಲ್ಲ. ಹಾಗೆ ಓಡುವಾಗ ಹತ್ತಿರದ ಆಸ್ಪತ್ರೆಗಿಂತ ಸರಿಯಾದ ಆಸ್ಪತ್ರೆ ಮುಖ್ಯ. ಆಪರೇಷನ್ ಥಿಯೇಟರ್, ಅರಿವಳಿಕೆ ವೈದ್ಯರು, ರಕ್ತ ಮೂರೂ ಈ ಹೊತ್ತಿನಲ್ಲಿ ಎಲ್ಲಿವೆ ಎಂದು ಹೊರಡುವ ಮುಂಚೆಯೇ ಫೋನಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಎಂದು ಬಾಗಿಲು ಬಾಗಿಲು ತಟ್ಟುವುದರಲ್ಲೇ ತಾಯಂದಿರು ಸತ್ತದ್ದುಂಟು.

ದಾರಿಯುದ್ದಕ್ಕೂ ಆಕೆಯನ್ನು ಎಡಮಗ್ಗುಲಿಗೆ ಮಲಗಿಸಿ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಬೆನ್ನಿನ ಬಳಿಯ ದೊಡ್ಡ ರಕ್ತನಾಳಗಳ ಮೇಲೆ ಕೂತು ಬಿಪಿ ಇಳಿಸುತ್ತದೆ, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ.

ಹೆರಿಗೆ ಗಾಡಿಯಲ್ಲೇ ಆಗುವುದಾದರೆ

ಎಸಿ ಆರಿಸಿ, ಕಿಟಕಿ ಮುಚ್ಚಿ. ರಾಯಚೂರಿನ ಏಪ್ರಿಲ್ ಆದರೂ ಅಷ್ಟೇ. ನಿಮಗೆ ಬೆವರು ಸುರಿದರೆ ಸುರಿಯಲಿ, ಒದ್ದೆ ಮೈಯ ಮಗು ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಕಿಟ್ ಬಿಚ್ಚಿ ಗ್ಲೌಸ್, ಎರಡು ಕ್ಲ್ಯಾಂಪ್, ಹೊಸ ಬ್ಲೇಡು, ಒಣಬಟ್ಟೆ, ಟೋಪಿ ಸಾಲಾಗಿ ಇಟ್ಟುಕೊಳ್ಳಿ. ಸ್ಟ್ರೆಚರ್ ಮೇಲೆ ಆಕೆಯ ಸೊಂಟದ ಕೆಳಗೆ ಬೆಡ್‌ಶೀಟನ್ನು ದಪ್ಪಗೆ ಮಡಿಸಿ ಇಡಿ. ಇಲ್ಲದಿದ್ದರೆ ತಲೆ ಬಂದ ಮೇಲೆ ಭುಜ ಇಳಿಯಲು ಕೆಳಗೆ ಜಾಗವೇ ಇರುವುದಿಲ್ಲ. ಪುಸ್ತಕದಲ್ಲಿ ಕಾಣದ ಈ ಸಣ್ಣ ಕೆಲಸ ಗಾಡಿಯಲ್ಲಿ ಬಹಳ ಉಪಕಾರಕ್ಕೆ ಬರುತ್ತದೆ.

ಇಎಂಟಿ ಗಂಡಸಾಗಿದ್ದರೆ ನಾಚಿಕೆ, ಅಂಜಿಕೆ ಎರಡೂ ಇರುತ್ತವೆ; ಆಕೆಗಷ್ಟೇ ಅಲ್ಲ, ಅತ್ತೆಗೂ. ಒಬ್ಬ ಹೆಂಗಸನ್ನು ಆಕೆಯ ತಲೆಯ ಬಳಿ ಕೂರಿಸಿ, ಬೇಕಾದ ಭಾಗವನ್ನು ಬಿಟ್ಟು ಉಳಿದದ್ದನ್ನೆಲ್ಲ ಬಟ್ಟೆಯಿಂದ ಮುಚ್ಚಿ. ಮುಟ್ಟುವ ಮುಂಚೆ "ಅಕ್ಕಾ, ಈಗ ನೋಡ್ತೀನಿ, ಕೈ ಹಾಕ್ತೀನಿ" ಎಂದು ಹೇಳಿಯೇ ಮುಟ್ಟಿ. ಗಂಡ ಪೈಲಟ್ ಪಕ್ಕ ಕೂರಲಿ.

ನೆತ್ತಿ ಪೂರ್ತಿ ಕಂಡಾಗ ಮುಕ್ಕುವುದನ್ನು ನಿಲ್ಲಿಸಿ, ಬಾಯಿಂದ ಹುಸ್ ಹುಸ್ಸೆಂದು ಉಸಿರು ಬಿಡಲು ಹೇಳಿ. ಒಂದು ಕೈಯ ಬೆರಳುಗಳು ಮಗುವಿನ ತಲೆಯ ಮೇಲೆ ಹಗುರಾಗಿ ಇರಲಿ, ರಭಸದಿಂದ ಚಿಮ್ಮದಂತೆ ತಡೆಯಲು ಮಾತ್ರ. ಇನ್ನೊಂದು ಕೈಯಲ್ಲಿ ಪ್ಯಾಡ್ ಹಿಡಿದು ಕೆಳಭಾಗಕ್ಕೆ ಆಸರೆ ಕೊಡಿ, ಹರಿಯುವುದು ಕಡಿಮೆಯಾಗುತ್ತದೆ. ತಲೆ ಬಂದೊಡನೆ ಬೆರಳಾಡಿಸಿ ಕುತ್ತಿಗೆಗೆ ಹೊಕ್ಕುಳ ಬಳ್ಳಿ ಸುತ್ತಿದೆಯೇ ನೋಡಿ. ಸಡಿಲವಿದ್ದರೆ ತಲೆಯ ಮೇಲಿಂದ ದಾಟಿಸಿ. ಬಿಗಿಯಾಗಿ ಸಿಕ್ಕಿಕೊಂಡು ಮಗು ಮುಂದೆ ಬಾರದಿದ್ದರೆ ಮಾತ್ರ ಎರಡು ಕಡೆ ಕ್ಲ್ಯಾಂಪ್ ಹಾಕಿ ನಡುವೆ ಕತ್ತರಿಸಿ. ತಲೆ ತಾನಾಗಿ ಪಕ್ಕಕ್ಕೆ ತಿರುಗುತ್ತದೆ, ಮುಂದಿನ ಬೇನೆಗೆ ಭುಜ ಇಳಿಯುತ್ತದೆ. ಎಳೆಯಬೇಡಿ. ಹೊಟ್ಟೆ ಒತ್ತಬೇಡಿ, ಒತ್ತಲು ಬಂದ ಹಿರಿಯರನ್ನೂ ತಡೆಯಿರಿ. ಗಾಡಿಯ ಹೆರಿಗೆಯಲ್ಲಿ ಅರ್ಧ ಜಾಣತನ ಕೈ ಕಟ್ಟಿಕೊಂಡಿರುವುದರಲ್ಲೇ ಇದೆ.

ಹುಟ್ಟಿದ ಗಂಟೆ-ನಿಮಿಷ ಪೈಲಟ್ ಬರೆದುಕೊಳ್ಳಲಿ. ಮಗುವನ್ನು ತಾಯಿಯ ಹೊಟ್ಟೆಯ ಮೇಲೆ ಮಲಗಿಸಿ ಚೆನ್ನಾಗಿ ಒರೆಸಿ. ಒದ್ದೆಯಾದ ಬಟ್ಟೆ ತೆಗೆದು ಎಸೆದು ಒಣಬಟ್ಟೆ ಹೊದಿಸಿ, ಟೋಪಿ ಹಾಕಿ. ಅಳುವ ಮಗುವಿನ ಬಾಯಿಗೆ ಸಕ್ಷನ್ ನಳಿಗೆ ತುರುಕುವ ಅಗತ್ಯವಿಲ್ಲ. ಕಾಲು ಹಿಡಿದು ತಲೆಕೆಳಗು ಮಾಡಿ ಬಡಿಯುವುದು ಸಿನಿಮಾದ್ದು. ಅಳು ಚೆನ್ನಾಗಿದ್ದರೆ ಒಂದರಿಂದ ಮೂರು ನಿಮಿಷ ಬಿಟ್ಟು ಬಳ್ಳಿ ಕತ್ತರಿಸಿ. ಅಷ್ಟರಲ್ಲಿ ಮಾಸಿನಲ್ಲಿದ್ದ ರಕ್ತ ಮಗುವಿಗೆ ಸೇರುತ್ತದೆ. ಕತ್ತರಿಸಿದ ಜಾಗಕ್ಕೆ ಅರಿಸಿನ, ಬೂದಿ, ಎಣ್ಣೆ ಏನನ್ನೂ ಹಚ್ಚಬಾರದು.

ಒರೆಸಿ, ಬೆನ್ನು ಉಜ್ಜಿದರೂ ಮಗು ಉಸಿರಾಡದಿದ್ದರೆ ತಡಮಾಡದೆ ಬಳ್ಳಿ ಕತ್ತರಿಸಿ, ಸಮತಟ್ಟಾದ ಜಾಗದಲ್ಲಿ ಮಲಗಿಸಿ, ತಲೆಯನ್ನು ತುಸುವೇ ಹಿಂದಕ್ಕೆ ವಾಲಿಸಿ. ಹುಟ್ಟಿ ಒಂದು ನಿಮಿಷವಾಗುವುದರೊಳಗೆ ಬ್ಯಾಗ್-ಮಾಸ್ಕ್‌ನಿಂದ ಉಸಿರು ಕೊಡಲು ಶುರುಮಾಡಬೇಕು. ನಿಮಿಷಕ್ಕೆ 40ರಿಂದ 60. ಎದೆ ಏಳುತ್ತಿದೆಯೇ ಎಂಬುದೊಂದೇ ಪರೀಕ್ಷೆ. ಏಳದಿದ್ದರೆ ಮಾಸ್ಕ್ ಸರಿಯಾಗಿ ಕೂತಿಲ್ಲ, ಇಲ್ಲವೇ ತಲೆಯ ಓರೆ ಸರಿಯಿಲ್ಲ, ಇಲ್ಲವೇ ಬಾಯಲ್ಲಿ ಲೋಳೆಯಿದೆ. ತಿಂಗಳು ತುಂಬಿದ ಮಗುವಿಗೆ ಶುರುವಿನಲ್ಲಿ ಬರೀ ಗಾಳಿ ಸಾಕು, ಸಿಲಿಂಡರ್ ಜೋಡಿಸುತ್ತ ಕೂರಬೇಡಿ. ಎದೆ ಚೆನ್ನಾಗಿ ಏಳುವಂತೆ ಉಸಿರು ಕೊಟ್ಟ ಮೇಲೂ ಹೃದಯದ ಬಡಿತ ನಿಮಿಷಕ್ಕೆ 60ಕ್ಕಿಂತ ಕೆಳಗಿದ್ದರೆ ಮೂರು ಸಲ ಎದೆ ಒತ್ತುವುದು, ಒಂದು ಉಸಿರು ಎಂಬ ಲೆಕ್ಕಕ್ಕೆ ಬನ್ನಿ.

ಮಗು ಬಂದ ಮೇಲೆ

ಗಾಡಿಯಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲಿರುತ್ತದೆ. ಗಂಡೋ ಹೆಣ್ಣೋ, ಯಾರ ಹೋಲಿಕೆ, ಊರಿಗೆ ಫೋನ್ ಮಾಡಿದ್ದಾಯಿತೇ. ಆ ಸಂಭ್ರಮದ ಹೊತ್ತಿನಲ್ಲೇ ತಾಯಿಗೆ ಸದ್ದಿಲ್ಲದೆ ರಕ್ತ ಹೋಗುತ್ತಿರುತ್ತದೆ. 2018–20ರ ಲೆಕ್ಕದಲ್ಲಿ ಕರ್ನಾಟಕದ ತಾಯಂದಿರ ಮರಣ ಪ್ರಮಾಣ ಲಕ್ಷ ಜನನಕ್ಕೆ 69; ಪಕ್ಕದ ಕೇರಳದ್ದು 19. ಈ ಸಾವುಗಳ ದೊಡ್ಡ ಕಾರಣಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವ ಮುಂದಿನ ಸಾಲಿನಲ್ಲಿದೆ. ಹಾಗಾಗಿ ನನ್ನ ಮಟ್ಟಿಗೆ ಇಎಂಟಿಯ ನಿಜವಾದ ಪರೀಕ್ಷೆ ಮಗು ಅತ್ತ ನಂತರ ಶುರು.

ಮೊದಲು ಹೊಟ್ಟೆ ಮುಟ್ಟಿ ನೋಡಿ, ಒಳಗೆ ಇನ್ನೊಂದು ಮಗು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ತೊಡೆಗೆ ಆಕ್ಸಿಟೋಸಿನ್ 10 ಯೂನಿಟ್. ಇದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಟ್ಟಿರಬೇಕು. ಬಿಸಿಲಲ್ಲಿ ನಿಂತ ಗಾಡಿಯ ಡ್ರಾಯರಿನಲ್ಲಿ ವಾರಗಟ್ಟಲೆ ಬೆಂದ ಆಂಪೂಲ್ ಚುಚ್ಚಿದರೂ ಒಂದೇ, ಬಿಟ್ಟರೂ ಒಂದೇ ಎನ್ನುವಂತಾಗಿರುತ್ತದೆ. ಆಕ್ಸಿಟೋಸಿನ್ ಇಲ್ಲದಿದ್ದರೆ ಮಿಸೋಪ್ರಾಸ್ಟಾಲ್ 600 ಮೈಕ್ರೊಗ್ರಾಂ, ಅಂದರೆ 200ರ ಮೂರು ಮಾತ್ರೆ, ಬಾಯಿಗೆ. ಮಾಸು ಬಿಡುವಾಗ ರಕ್ತ ಒಮ್ಮೆ ಚಿಮ್ಮಿ, ಬಳ್ಳಿ ಉದ್ದವಾದಂತೆ ಕಾಣುತ್ತದೆ. ಬಳ್ಳಿ ಹಿಡಿದು ಜಗ್ಗಬೇಡಿ. ಗರ್ಭಕೋಶವೇ ಒಳಹೊರಗಾಗಿ ಬಂದುಬಿಡಬಹುದು. ಮಾಸಿಗಾಗಿ ರಸ್ತೆಯಲ್ಲಿ ಕಾಯುವುದೂ ಬೇಡ, ಅಮ್ಮ-ಮಗು ನೆಟ್ಟಗಿದ್ದರೆ ಗಾಡಿ ಹೊರಡಲಿ. ಮಾಸು ಬಂದರೆ ಚೀಲಕ್ಕೆ ಹಾಕಿ ಆಸ್ಪತ್ರೆಗೆ ಒಯ್ಯಿರಿ. ತುಣುಕು ಒಳಗೆ ಉಳಿದಿದೆಯೇ ಎಂದು ಅಲ್ಲಿನವರು ನೋಡಬೇಕು. ಮನೆಯವರು ಹೂಳುವ ಶಾಸ್ತ್ರಕ್ಕೆ ಕೇಳಿದರೆ, ಡಾಕ್ಟರು ನೋಡಿದ ಮೇಲೆ ಕೇಳಿ ಪಡೆಯಿರಿ ಎಂದು ಹೇಳಿ.

ಮಾಸು ಬಿದ್ದ ಮೇಲೆ ಹೊಕ್ಕುಳ ಹತ್ತಿರ ಕೈಯಿಟ್ಟರೆ ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿಯಾಗಿ ಸಿಗಬೇಕು. ಮೆತ್ತಗಿದ್ದರೆ ರಕ್ತ ನಿಲ್ಲುವುದಿಲ್ಲ. ಅಂಗೈಯಿಂದ ಸುತ್ತುಸುತ್ತಾಗಿ ಒತ್ತಿ ಉಜ್ಜಿ, ಗಟ್ಟಿಯಾಗುವತನಕ. ಆಸ್ಪತ್ರೆ ಮುಟ್ಟುವವರೆಗೆ ಐದೈದು ನಿಮಿಷಕ್ಕೊಮ್ಮೆ ಆ ಕೈ ಅಲ್ಲಿಗೆ ಹೋಗುತ್ತಿರಲಿ. ಮಗು ಮೊಲೆ ಚೀಪಿದರೆ ಅದರಿಂದಲೂ ಗರ್ಭಕೋಶ ಬಿಗಿಯುತ್ತದೆ.

ಎಷ್ಟು ರಕ್ತ ಹೋದರೆ ಹೆಚ್ಚು? 500 ಮಿಲಿಲೀಟರ್ ಎಂದು ನಾವೆಲ್ಲ ಕಲಿತದ್ದು. ಬಟ್ಟೆ, ಬೆಡ್‌ಶೀಟು, ಸ್ಟ್ರೆಚರಿನ ರೆಗ್ಜಿನ್ ಮೇಲೆ ಹರಡಿದ ರಕ್ತವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಿದರೆ ಯಾವಾಗಲೂ ಕಡಿಮೆಯೇ ಅನ್ನಿಸುತ್ತದೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿಯನ್ನು ಬಿಗಿಗೊಳಿಸಿ, 300 ಮಿಲಿಲೀಟರ್ ಹೋಗಿ ನಾಡಿ ಅಥವಾ ಬಿಪಿಯಲ್ಲಿ ಏರುಪೇರು ಕಂಡರೂ ಚಿಕಿತ್ಸೆ ಶುರುಮಾಡಿ ಎಂದಿದೆ. ನಮ್ಮಲ್ಲಿ ಇದು ಇನ್ನೂ ಮುಖ್ಯ. ರಾಜ್ಯದ ಬಸುರಿಯರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 7 ಇರುವವಳಿಗೆ ಒಂದು ಲೋಟ ರಕ್ತ ಹೋದರೂ ದೊಡ್ಡದೇ.

"ಬಿಪಿ ಚೆನ್ನಾಗಿದೆ" ಎಂಬ ಸಮಾಧಾನ ಮೋಸದ್ದು. ಎಳೆವಯಸ್ಸಿನ ಮೈ ಕೊನೆಯತನಕ ಬಿಪಿಯನ್ನು ಹಿಡಿದಿಟ್ಟುಕೊಂಡು ಆಮೇಲೆ ಒಮ್ಮೆಲೇ ಕೈಬಿಡುತ್ತದೆ. ನಾಡಿ ನೋಡಿ. ನಾಡಿಯ ಅಂಕಿ ಮೇಲಿನ ಬಿಪಿಯ ಅಂಕಿಯನ್ನು ಮುಟ್ಟಿದರೆ, ಉದಾಹರಣೆಗೆ ನಾಡಿ 110, ಬಿಪಿ 110 ಇದ್ದರೆ, ಆಕೆ ಅಪಾಯದಲ್ಲಿದ್ದಾಳೆ. ಬಾಯಾರಿಕೆ, ಚಡಪಡಿಕೆ, ತಣ್ಣನೆ ಬೆವರು, ಆಕಳಿಕೆ ಇವನ್ನು ಸುಸ್ತು ಎಂದು ತಳ್ಳಿಹಾಕಬೇಡಿ.

ರಕ್ತ ನಿಲ್ಲದಿದ್ದರೆ ಒಂದೊಂದಾಗಿ ಮಾಡಿ ನೋಡುತ್ತ ಕೂರಬೇಡಿ, ಎಲ್ಲವನ್ನೂ ಒಟ್ಟಿಗೆ ಶುರುಮಾಡಿ: ಉಜ್ಜುವುದು, ಎರಡು ಕೈಗೂ ದಪ್ಪ ಸೂಜಿಯ ಡ್ರಿಪ್, ವೈದ್ಯರನ್ನು ಕೇಳಿ ಇನ್ನಷ್ಟು ಆಕ್ಸಿಟೋಸಿನ್, ಮೂತ್ರಕೋಶ ಖಾಲಿ ಮಾಡಿಸುವುದು, ಆಕ್ಸಿಜನ್, ಮೈ ಬೆಚ್ಚಗಿಡುವುದು. ಟ್ರನೆಕ್ಸಾಮಿಕ್ ಆಸಿಡ್ 1 ಗ್ರಾಂ, ಹತ್ತು ನಿಮಿಷದಲ್ಲಿ ನಿಧಾನವಾಗಿ ರಕ್ತನಾಳಕ್ಕೆ. ಸುಮಾರು 20 ಸಾವಿರ ಹೆಂಗಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ಇದು ಜೀವ ಉಳಿಸುತ್ತದೆ, ತಡವಾದಷ್ಟೂ ಗುಣ ಕಡಿಮೆ. ಆದರೂ ನಿಲ್ಲದಿದ್ದರೆ ಕೊನೆಯ ಅಸ್ತ್ರ ನಿಮ್ಮ ಕೈಗಳೇ. ಗ್ಲೌಸ್ ಹಾಕಿದ ಒಂದು ಕೈಯನ್ನು ಯೋನಿಯೊಳಗೆ ಮುಷ್ಟಿ ಮಾಡಿ, ಇನ್ನೊಂದನ್ನು ಹೊಟ್ಟೆಯ ಮೇಲಿಟ್ಟು ಗರ್ಭಕೋಶವನ್ನು ನಡುವೆ ಅದುಮಿ ಹಿಡಿಯಬೇಕು. ತರಬೇತಿ ಪಡೆದವರು ಮಾತ್ರ ಮಾಡಬೇಕಾದದ್ದು ಇದು. ತೋಳು ಸೋತು ಹೋಗುತ್ತದೆ, ಥಿಯೇಟರ್ ಬಾಗಿಲತನಕ ಬಿಡುವಂತಿಲ್ಲ. ಗರ್ಭಕೋಶ ಗಟ್ಟಿಯಾಗಿದ್ದೂ ರಕ್ತ ಬರುತ್ತಿದ್ದರೆ ಎಲ್ಲೋ ಹರಿದಿದೆ. ಕಾಣುವ ಗಾಯಕ್ಕೆ ಪ್ಯಾಡ್ ಒತ್ತಿ ಹಿಡಿಯಿರಿ.

ಹೆರಿಗೆಗೆ ಮುಂಚಿನ ರಕ್ತ

ತಿಂಗಳು ತುಂಬುತ್ತ ಬಂದಾಗ ನೋವಿಲ್ಲದೆ ಕೆಂಪು ರಕ್ತ ಹೋದರೆ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿರಬಹುದು. ಒಳಗೆ ಬೆರಳು ಹಾಕಿ ನೋಡುವುದು ಇಲ್ಲಿ ಪ್ರಾಣಕ್ಕೆ ಕುತ್ತು, ಎಷ್ಟೇ ಒತ್ತಾಯ ಬಂದರೂ ಬೇಡ. ಹೊಟ್ಟೆ ಹಲಗೆಯಂತಾಗಿ ವಿಪರೀತ ನೋಯುತ್ತಿದ್ದರೆ ಮಗು ಹುಟ್ಟುವ ಮುಂಚೆಯೇ ಮಾಸು ಕಿತ್ತು ಬಂದಿರಬಹುದು. ರಕ್ತ ಒಳಗೇ ಕಟ್ಟಿಕೊಂಡು ಹೊರಗೆ ಕಾಣುವುದು ಸ್ವಲ್ಪವೇ ಇರುತ್ತದೆ. ಎರಡಕ್ಕೂ ಎಡಮಗ್ಗುಲು, ಡ್ರಿಪ್, ಆಕ್ಸಿಜನ್, ರಕ್ತವಿರುವ ಆಸ್ಪತ್ರೆ. ಮುಟ್ಟು ನಿಂತ ಹೊಸದರಲ್ಲಿ ಕಿಬ್ಬೊಟ್ಟೆ ನೋವಿನೊಂದಿಗೆ ತಲೆಸುತ್ತಿ ಬಿದ್ದವಳ ಬಗ್ಗೆಯೂ ಇಷ್ಟೇ ಅವಸರ ಬೇಕು. ಗರ್ಭ ನಾಳದಲ್ಲಿ ನಿಂತು ಒಡೆದಿರಬಹುದು. ತಾನು ಬಸುರಿ ಎಂದು ಆಕೆಗೇ ಗೊತ್ತಿಲ್ಲದಿರುವುದೂ ಉಂಟು.

ಫಿಟ್ಸ್ ಬಂದರೆ

ಐದು ತಿಂಗಳು ದಾಟಿದ ಬಸುರಿಗೆ ಫಿಟ್ಸ್ ಬಂದರೆ, ಬೇರೆ ಕಾರಣ ಸಿಗುವತನಕ ಅದು ಬಿಪಿಯ ನಂಜು ಎಂದೇ ಹಿಡಿಯಿರಿ. ಬಾಣಂತಿಗೂ ಬರುತ್ತದೆ, ಹೆರಿಗೆಯಾದ ಮೊದಲ ಎರಡು ದಿನಗಳಲ್ಲಿ ಹೆಚ್ಚು. ಮನೆಯವರು ಗಾಳಿ ಸೋಕಿದೆ ಎಂದೋ ಹಳೆಯ ಮೂರ್ಛೆರೋಗ ಎಂದೋ ಹೇಳಬಹುದು. ಹಿಂದಿನ ದಿನ ತಲೆ ಸಿಡಿಯುತ್ತಿತ್ತೇ, ಕಣ್ಣು ಮಂಜಾಗಿತ್ತೇ, ಎದೆಗುಂಡಿಗೆಯ ಕೆಳಗೆ ನೋವಿತ್ತೇ ಎಂದು ಕೇಳಿ. ಹೌದೆಂಬ ಉತ್ತರ ಬಂದರೆ ಅನುಮಾನ ಬೇಡ. ಮೇಲಿನ ಬಿಪಿ 160 ಅಥವಾ ಕೆಳಗಿನದು 110 ಮುಟ್ಟಿದ್ದರೆ ಫಿಟ್ಸ್ ಬಾರದಿದ್ದರೂ ಅದು ತುರ್ತೇ.

ಸೆಳೆತದ ಹೊತ್ತಿನಲ್ಲಿ ಆಕೆಯನ್ನು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಕೈಗೆ ಕಬ್ಬಿಣ ಯಾವುದೂ ಬೇಡ. ಎಡಮಗ್ಗುಲಿಗೆ ತಿರುಗಿಸಿ, ಜೊಲ್ಲು-ವಾಂತಿ ಸಕ್ಷನ್ ಮಾಡಿ, ಆಕ್ಸಿಜನ್ ಕೊಡಿ, ಸ್ಟ್ರೆಚರ್‌ನಿಂದ ಬೀಳದಂತೆ ನೋಡಿಕೊಳ್ಳಿ. ಔಷಧ ಮೆಗ್ನೀಷಿಯಂ ಸಲ್ಫೇಟ್. ಸೆಳೆತ ಮರುಕಳಿಸದಂತೆ ತಡೆಯಲು ಡಯಾಜೆಪಾಮ್‌ಗಿಂತ ಇದೇ ಮೇಲು ಎಂದು 1995ರಲ್ಲೇ ದೊಡ್ಡ ಅಧ್ಯಯನ ತೋರಿಸಿಕೊಟ್ಟಿದೆ. ಆಸ್ಪತ್ರೆಗೆ ಕಳಿಸುವ ಮುಂಚಿನ ಮೊದಲ ಡೋಸು 10 ಗ್ರಾಂ. ಎರಡೂ ಪಿರ್ರೆಗೆ 5-5 ಗ್ರಾಂ, ಸ್ನಾಯುವಿನ ಆಳಕ್ಕೆ. 50 ಪ್ರತಿಶತದ 2 ಮಿಲಿಲೀಟರ್ ಆಂಪೂಲಿನಲ್ಲಿ 1 ಗ್ರಾಂ ಇರುವುದರಿಂದ ಒಟ್ಟು ಹತ್ತು ಆಂಪೂಲ್ ಒಡೆಯಬೇಕು. ನಡುಗುವ ಕೈಯಲ್ಲಿ ಅದಕ್ಕೆ ಹೊತ್ತು ಹಿಡಿಯುತ್ತದೆ, ಪೈಲಟ್ ಒಂದೊಂದಾಗಿ ಒಡೆದು ಕೊಡಲಿ. ಕೊಟ್ಟ ಮೇಲೆ ಉಸಿರು ಎಣಿಸುತ್ತಿರಿ. ನಿಮಿಷಕ್ಕೆ 16ಕ್ಕಿಂತ ಇಳಿದರೆ ಅಥವಾ ಮಂಡಿ ತಟ್ಟಿದಾಗ ಕಾಲು ಜಿಗಿಯದಿದ್ದರೆ ಔಷಧ ಹೆಚ್ಚಾಗಿದೆ. ಅದಕ್ಕೆ ಪ್ರತಿಮದ್ದು ಕ್ಯಾಲ್ಸಿಯಂ ಗ್ಲುಕೊನೇಟ್ 1 ಗ್ರಾಂ, ರಕ್ತನಾಳಕ್ಕೆ ನಿಧಾನವಾಗಿ. ಎರಡು ಮದ್ದೂ ಒಂದೇ ಡಬ್ಬಿಯಲ್ಲಿರಲಿ.

ಅಪರೂಪದವು

ಹೊಕ್ಕುಳ ಬಳ್ಳಿ ಮೊದಲು ಹೊರಬಂದರೆ ಆಕೆಯನ್ನು ಮಂಡಿ-ಎದೆ ಊರಿ, ಸೊಂಟ ಎತ್ತರದಲ್ಲಿರುವಂತೆ ಮಾಡಿ. ಓಡುವ ಗಾಡಿಯಲ್ಲಿ ಅದು ಕಷ್ಟವಾದರೆ ಎಡಮಗ್ಗುಲಲ್ಲಿ ಸೊಂಟದಡಿ ದಿಂಬು ಇಡಿ. ಗ್ಲೌಸ್ ಹಾಕಿದ ಬೆರಳುಗಳಿಂದ ಮಗುವಿನ ತಲೆಯನ್ನು ಒಳಗಿನಿಂದ ಮೇಲಕ್ಕೆ ತಳ್ಳಿ ಹಿಡಿದು, ಬಳ್ಳಿಯ ಮೇಲೆ ಒತ್ತಡ ಬೀಳದಂತೆ ನೋಡಿಕೊಂಡು, ಸಿಸೇರಿಯನ್ ಆಗುವಲ್ಲಿಗೆ ಓಡಿ. ಬಳ್ಳಿಯನ್ನು ಹಿಚುಕಬೇಡಿ, ಪದೇಪದೇ ಮುಟ್ಟಬೇಡಿ.

ಕಾಲೋ ಕುಂಡಿಯೋ ಮೊದಲು ಬಂದು, ಹೆರಿಗೆ ತಡೆಯಲಾಗದ ಹಂತ ಮುಟ್ಟಿದ್ದರೆ ಕೈ ದೂರವಿಡಿ. ಮಗುವಿನ ಬೆನ್ನು ಮೇಲ್ಮುಖವಾಗಿರಲಿ, ಅಷ್ಟೇ. ಎಳೆದರೆ ತೋಳು ಮೇಲೆದ್ದು ತಲೆ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯತನಕ ಬಂದ ಮಗುವನ್ನು ಒಣಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ, ಕತ್ತಿನ ಹಿಂಭಾಗದ ಕೂದಲು ಕಂಡಾಗ ಮಾತ್ರ ತಲೆಗೆ ಆಸರೆ ಕೊಡಿ.

ತಲೆ ಬಂದು ಭುಜ ಸಿಕ್ಕಿಕೊಂಡರೆ ತಲೆ ಮತ್ತೆ ಒಳಕ್ಕೆ ಸರಿದಂತೆ ಕಾಣುತ್ತದೆ. ತಾಯಿಯ ಎರಡೂ ಮೊಣಕಾಲುಗಳನ್ನು ಎದೆಯತ್ತ ಚೆನ್ನಾಗಿ ಮಡಿಸಿ ಹಿಡಿಯಲು ಇಬ್ಬರು ಬೇಕು. ಆಶಾ ಕಾರ್ಯಕರ್ತೆ, ಅತ್ತೆ ಇಬ್ಬರೂ ಕೈಹಚ್ಚಲಿ. ನೀವು ಕಿಬ್ಬೊಟ್ಟೆಯ ಮೂಳೆಯ ತುಸು ಮೇಲೆ ಒತ್ತಿ. ಹೊಟ್ಟೆಯ ಮೇಲ್ಭಾಗ ಒತ್ತಿದರೆ ಭುಜ ಇನ್ನಷ್ಟು ಬಿಗಿಯುತ್ತದೆ. ಆದರೂ ಬಾರದಿದ್ದರೆ ಆಕೆಯನ್ನು ಅಂಬೆಗಾಲಿನ ಭಂಗಿಗೆ ತಿರುಗಿಸಿ.

ತುಂಬಿದ ಬಸುರಿಯ ಹೃದಯ ನಿಂತರೆ ಸಿಪಿಆರ್ ಮಾಮೂಲಿನಂತೆಯೇ. ಜೊತೆಗೆ ಇನ್ನೊಬ್ಬರು ಗರ್ಭಕೋಶವನ್ನು ಕೈಯಿಂದ ಎಡಕ್ಕೆ ಸರಿಸಿ ಹಿಡಿದಿರಬೇಕು. ಓರೆಯಾಗಿ ಮಲಗಿಸಿದರೆ ಎದೆ ಒತ್ತುವ ಬಲ ತಪ್ಪುತ್ತದೆ.

ಆಸ್ಪತ್ರೆಯ ಬಾಗಿಲಲ್ಲಿ

ಹತ್ತು ನಿಮಿಷ ಮುಂಚೆಯೇ ಫೋನ್ ಮಾಡಿ. "ಡೆಲಿವರಿ ಕೇಸ್ ತರ್ತಿದೀವಿ" ಎಂದರೆ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. "ಎರಡನೇ ಹೆರಿಗೆ, ಗಾಡಿಯಲ್ಲಿ 4.10ಕ್ಕೆ ಆಗಿದೆ, ಮಾಸು ಬಂದಿದೆ, ರಕ್ತ ನಿಂತಿಲ್ಲ, ನಾಡಿ 124, ಬಿಪಿ 90, ಆಕ್ಸಿಟೋಸಿನ್ 4.12ಕ್ಕೆ, ಟ್ರನೆಕ್ಸಾ 4.25ಕ್ಕೆ, ಗ್ರೂಪ್ ಓ ಪಾಸಿಟಿವ್" ಎಂದರೆ ಏಳುತ್ತಾರೆ. ಅದೇ ಚೀಟಿ, ತಾಯಿ ಕಾರ್ಡು, ಮಾಸಿನ ಚೀಲ ಮೂರನ್ನೂ ನರ್ಸ್ ಕೈಗೆ ಕೊಟ್ಟು, ಅವರು ನಾಡಿ ಹಿಡಿದ ಮೇಲೆ ನೀವು ಕೈ ಬಿಡಿ. ಮಗುವಿನ ಕೈಗೆ ತಾಯಿಯ ಹೆಸರಿನ ಪಟ್ಟಿ ಕಟ್ಟಿದ್ದೀರಾ ನೋಡಿ. ಆಮೇಲೆ ಗಾಡಿ ತೊಳೆದು, ಬೇರೆ ಕರೆ ಬರುವ ಮುಂಚೆ ಕ್ಲ್ಯಾಂಪ್, ಬ್ಲೇಡು, ಟೋಪಿ, ಮೆಗ್ನೀಷಿಯಮ್ಮಿನ ಹತ್ತು ಆಂಪೂಲು, ತಂಪಿನ ಡಬ್ಬಿಯ ಆಕ್ಸಿಟೋಸಿನ್ ಎಲ್ಲ ಭರ್ತಿಯಾಗಿದೆಯೇ ಎಂದು ಪೈಲಟ್ ಮತ್ತು ಇಎಂಟಿ ಇಬ್ಬರೂ ಕೂಡಿ ಎಣಿಸಿ ಸಹಿ ಹಾಕಬೇಕು.